ಹೆಬ್ಬೆರಳಿನ ಸರ್ಟಿಫಿಕೇಟು

ಕೆತ್ತಲಾರದವನು ಉಳಿ ಮೊಂಡು ಎಂದನಂತೆ. ಗಾದೆ ಹೀಗಿಲ್ಲವೆಂದು ಯಾರೂ ಕನ್ನಡ ಮೇಷ್ಟರ ಹಾಗೆ ಬೆತ್ತ ಎತ್ತಬೇಕಾಗಿಲ್ಲ. ಕುಣಿಯಲಾರದ ಆ ಹೆಂಗಸೂ ಆಕೆಯ ಡೊಂಕು ನೆಲವೂ ಇದ್ದಲ್ಲೇ ಸುಖವಾಗಿರಲಿ. ನೈರೋಬಿಯ ಕಿಲಿಮಾನಿಯಲ್ಲಿ ಅಪಾರ್ಟ್‌ಮೆಂಟು ಕಟ್ಟುವವರು ನೆಲಕ್ಕೆಲ್ಲ ಟೈಲ್ಸ್ ಹಾಕಿ ಮಟ್ಟ ಮಾಡಿಬಿಟ್ಟಿರುವುದರಿಂದ ಅಲ್ಲಿ ಆ ಹಳೆಯ ಸಬೂಬು ನಡೆಯುವುದಿಲ್ಲ. ಹೊಸ ಸಬೂಬು ಬೇಕು, ಅದಕ್ಕೊಂದು ಹೊಸ ಗಾದೆ ಬೇಕು. ಹಾಗೆ ಬೇಕಾಗಿ ಬಂದ ಒಬ್ಬ ಮನುಷ್ಯನ ಕಥೆ ಇದು. ನಡೆದದ್ದನ್ನು ನಡೆದ ಹಾಗೆ, ಒಂದಿಷ್ಟೂ ಸಾಣೆ ಹಿಡಿಯದೆ ಹೇಳುವ ನಿಜವಾದ ಕಥೆ.

ಯೋಗೀಶನಿಗೆ ಆಗ ನಲವತ್ತೊಂಬತ್ತು. ಬೆಂಗಳೂರಿನ ಟೆಲಿಕಾಂ ಕಂಪನಿಯೊಂದು ನಾಲ್ಕು ವರ್ಷದ ಹಿಂದೆ, 2012ರಲ್ಲಿ, ಅವನನ್ನು ನೈರೋಬಿಗೆ ಕಳಿಸಿತ್ತು. ಖರೀದಿ ವಿಭಾಗದ ಮ್ಯಾನೇಜರು. ಟವರಿನ ಬೋಲ್ಟಿನಿಂದ ಟಾಯ್ಲೆಟ್ಟಿನ ಬಲ್ಬಿನವರೆಗೆ ಮೂರು ಕೊಟೇಶನ್ ತರಿಸದೆ, ತುಲನಾ ಪಟ್ಟಿ ಬರೆಯದೆ ಏನನ್ನೂ ಕೊಂಡವನಲ್ಲ. ಆದರೆ ನೈರೋಬಿಯ ಕನ್ನಡದವರಲ್ಲಿ ಅವನ ಹೆಸರು ಹಬ್ಬಿದ್ದು ಬೋಲ್ಟಿನಿಂದಲ್ಲ, ಹೆಬ್ಬೆರಳಿನಿಂದ.

ಅವನ ತಾತ ಈರಣ್ಣ ಕೊಳ್ಳೇಗಾಲದಲ್ಲಿ ತೊಟ್ಟಿಲ ಕಾಲು ಕಡೆದು, ಬಾಗಿಲವಾಡಕ್ಕೆ ಬಳ್ಳಿ ಕೆತ್ತಿ ಬದುಕಿದವರು. ತಾತನ ಹನ್ನೊಂದು ಉಳಿಗಳು ಮೊಮ್ಮಗನ ಸೂಟ್‌ಕೇಸಿನಲ್ಲಿ ಪ್ಯಾಂಟುಗಳ ನಡುವೆ ಮಲಗಿ ವಿಮಾನದಲ್ಲಿ ಬಂದಿದ್ದವು. ಶನಿವಾರ ಭಾನುವಾರ ಬಾಲ್ಕನಿಯಲ್ಲಿ ಯೋಗೀಶ ಸಣ್ಣ ಲೇತು ಹಾಕಿಕೊಂಡು ಬುಗುರಿ, ಲಟ್ಟಣಿಗೆ ಕಡೆಯುತ್ತಿದ್ದ. ಇಲ್ಲವೇ ಚಕ್ಕಳಮಕ್ಕಳ ಹಾಕಿ ಕೂತು ಮರದ ಬಟ್ಟಲು ತೋಡುತ್ತಿದ್ದ. ಈರಣ್ಣನವರ ಮನೆತನದಲ್ಲಿ ಹರಿತವನ್ನು ಕಣ್ಣಲ್ಲಿ ನೋಡುವ ಪದ್ಧತಿಯಿಲ್ಲ. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಸವರಿ ಕೇಳುತ್ತಾರೆ. ಸವರಿ ತೀರ್ಪು ಕೊಡುತ್ತಾರೆ. ತೀರ್ಪುಗಳು ಮೂರೇ, ಮೊಂಡಿನಿಂದ ಚೂಪಿನ ಕಡೆಗೆ: ಬೆಣ್ಣೆ ಹರಿತ, ಬದನೆ ಹರಿತ, ಕೂದಲು ಹರಿತ. ಮೇಲ್ಮನವಿಗೆ ಅವಕಾಶವಿಲ್ಲ.

ಹೀಗಾಗಿ ಮೈಸೂರು ಬೆಂಗಳೂರಿನಿಂದ ಈಳಿಗೆಮಣೆ, ತುರಿಮಣೆ ಹೊತ್ತು ತಂದ ಹೆಂಗಸರೆಲ್ಲ ಅವನ ಮನೆಗೆ ಬರುತ್ತಿದ್ದರು. ಸೈಕಲ್ ತುಳಿದು ಕಲ್ಲು ತಿರುಗಿಸಿ ಚಾಕು ಮಸೆಯುವವರು ನೈರೋಬಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವರು ಈಳಿಗೆಮಣೆಯನ್ನು ಕಂಡರೆ ಎಲ್ಲಿ ಹಿಡಿಯಬೇಕು, ಯಾವ ಕಡೆಯಿಂದ ಕಚ್ಚೀತು ಎಂದು ಒಂದು ಪ್ರದಕ್ಷಿಣೆ ಹಾಕಿ ಕೈಮುಗಿದು ವಾಪಸು ಕೊಟ್ಟುಬಿಡುತ್ತಿದ್ದರು. ಯೋಗೀಶ ಮಸೆದು, ಹೆಬ್ಬೆರಳು ಸವರಿ, "ಕೂದಲು ಹರಿತ, ತಗೊಂಡೋಗಿ" ಎಂದರೆ ಐಎಸ್ಐ ಮಾರ್ಕು ಬಿದ್ದ ಹಾಗೆ.

ಫೆಬ್ರವರಿಯಲ್ಲಿ ಅವನ ಹಳೆಯ ಗ್ರೈಂಡರಿನ ಮೋಟಾರು ಸುಟ್ಟಿತು. ಅದೇ ತಿಂಗಳು ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಸುದ್ದಿ ಕಳಿಸುವುದನ್ನು ನಿಲ್ಲಿಸಿದವು.

ಮೊದಮೊದಲು ಜೋಮು. ಬೆಳಗ್ಗೆ ಎದ್ದು ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಅಂಗಿಯ ಗುಂಡಿ ಹಾಕುವಾಗ ಗುಂಡಿ ಸಿಕ್ಕಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಇದಕ್ಕೆ ಕನ್ನಡದಲ್ಲಿ ಮರಗಟ್ಟುವುದು ಎನ್ನುತ್ತಾರೆ. ಮರಗೆಲಸದವನ ಕೈ ನೋಡಿ ಭಾಷೆಯೇ ಮಾಡಿಟ್ಟ ಕುಚೋದ್ಯ ಇದು, ಹೇಳುವವರ ತಪ್ಪೇನಿಲ್ಲ.

ಮೇ ತಿಂಗಳಲ್ಲಿ ಆಫೀಸಿಗೆಂದು ಹೊರಟು ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಬಂದ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು ಆಕೆ. ಸಣ್ಣ ಆಪರೇಷನ್ನು. ಬಹುಮಟ್ಟಿಗೆ ಸರಿಹೋಗಬಹುದು, ಪೂರ್ತಿ ಸರಿಹೋಗದೆಯೂ ಇರಬಹುದು. ತಡ ಮಾಡಿದಷ್ಟೂ ವಾಪಸು ಬರುವ ಸ್ಪರ್ಶ ಕಡಿಮೆ. ವರ್ಷ ತುಂಬುವವರೆಗೆ ಕಾಯಬೇಡಿ. ಯೋಗೀಶ "ಥ್ಯಾಂಕ್ಯೂ ಡಾಕ್ಟರ್" ಎಂದು ರಿಪೋರ್ಟನ್ನು ನಾಲ್ಕಾಗಿ ಮಡಿಸಿ, ಮನೆಗೆ ಬಂದು, ತಾತನ ಉಳಿಗಳ ಸುರುಳಿಬಟ್ಟೆಯ ಕೆಳಗೆ ಇಟ್ಟ. ಹೆಂಡತಿ ಮೈತ್ರಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಆಪರೇಷನ್ ಮಾಡಿಸಿಯೂ ಬೆರಳು ಬರಲಿಲ್ಲವೆಂದರೆ ಅದು ತೀರ್ಪು. ಮಾಡಿಸದಿದ್ದರೆ ಕೇಸು ಇನ್ನೂ ವಿಚಾರಣೆಯ ಹಂತದಲ್ಲಿದೆ. ಹೆದರಿಕೆ ಆಗಬೇಕಿತ್ತು, ಅದೂ ಆಗಲಿಲ್ಲ. ಬೆರಳಿನ ಮರ ಮೊಣಕೈ ದಾಟಿ ಎಲ್ಲೋ ಒಳಕ್ಕೆ ಬೇರು ಇಳಿಸಿದ ಹಾಗಿತ್ತು. ಜೂನಿನಲ್ಲಿ ಬಡ್ತಿ ಬಂತು. ಇಮೇಲ್ ಓದಿ ಮುಚ್ಚಿದ. ಮಗಳು ಅಮೂಲ್ಯ ಈಜಿನಲ್ಲಿ ಕಪ್ಪು ಗೆದ್ದು ತಂದಾಗ "ಗುಡ್, ಗುಡ್" ಎಂದು ಕಪ್ಪಿನ ಬುಡ ತಿರುಗಿಸಿ ಯಾವ ಲೋಹವೆಂದು ನೋಡಿದ. ಒಂದು ಬೆಳಗ್ಗೆ ದೋಸೆ ಕಾವಲಿಗೆ ಹೆಬ್ಬೆರಳು ತಾಗಿ ಬೊಬ್ಬೆ ಎದ್ದದ್ದು ಅವನಿಗೆ ಗೊತ್ತಾದದ್ದು ಮೈತ್ರಿ ಕೇಳಿದ ಮೇಲೆ.

"ರೀ, ಏನ್ರೀ ಇದು ಬೊಬ್ಬೆ?"

"ಗ್ರೈಂಡರ್ ಕಿಡಿ."

"ಗ್ರೈಂಡರ್ ಎಲ್ಲಿದೆ ನಿಮ್ಮ ಹತ್ರ?"

"ಅದಕ್ಕೇ ಹೇಳೋದು, ಒಳ್ಳೇದು ತಗೋಬೇಕು ಅಂತ."

ಇದು ಉತ್ತರವಲ್ಲ ಎಂದು ಮೈತ್ರಿಗೆ ಅನ್ನಿಸಿತು. ಆದರೆ ದೋಸೆ ಸೀಯುತ್ತಿತ್ತು.

ಒಳ್ಳೆಯ ಗ್ರೈಂಡರು ಆರಿಸುವುದು ಹೀಗೆ ಶುರುವಾಯಿತು. ಯೋಗೀಶ ಕಂಪ್ಯೂಟರಿನಲ್ಲಿ ಒಂದು ತುಲನಾ ಪಟ್ಟಿ ತೆರೆದ. ಮೊದಲನೆಯ ಕಾಲಂ, ನಗರದ ನಡುವಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಆರಿಂಚಿನ ಗ್ರೈಂಡರು, ಬೂದು ಬಣ್ಣದ ಸಾಣೆಚಕ್ರ. ನಿಮಿಷಕ್ಕೆ ಮೂರು ಸಾವಿರದ ಹತ್ತಿರ ಸುತ್ತು. ತಾತನ ಕಾಲದ ಉಳಿಯನ್ನು ಅದಕ್ಕೆ ಒತ್ತಿದರೆ ನಾಲ್ಕು ಉಸಿರಿನಲ್ಲಿ ತುದಿ ನೀಲಿ ತಿರುಗಿ ಉಕ್ಕಿನ ಹದ ಹಾರಿಹೋಗುತ್ತದೆ. ಎರಡನೆಯದು, ಎಂಟಿಂಚಿನದು, ಅರ್ಧ ವೇಗದ್ದು, ಬಿಳಿ ಚಕ್ರ. ಬಿಳಿ ಚಕ್ರ ತಾನು ಸವೆದು ಉಳಿಯನ್ನು ತಂಪಾಗಿಡುತ್ತದೆ. ಆದರೆ ಆಗಾಗ ಅದರ ಮುಖ ಕೆರೆದು ಮಟ್ಟ ಮಾಡಬೇಕು. ಮೂರನೆಯದು, ತೊಟ್ಟಿಯ ನೀರಿನಲ್ಲಿ ಅರ್ಧ ಮುಳುಗಿ ಎಮ್ಮೆಯ ಹಾಗೆ ನಿಧಾನಕ್ಕೆ ಹೊರಳುವ ಕಲ್ಲು, ಪಕ್ಕದಲ್ಲಿ ಹೊಳಪಿಗೊಂದು ಚರ್ಮದ ಚಕ್ರ. ಉಳಿ ಬಿಸಿಯಾಗುವ ಮಾತೇ ಇಲ್ಲ. ಆದರೆ ಲೇತಿನ ದಪ್ಪ ಉಳಿಗೆ ಹೊಸ ಆಕಾರ ಕೊಡುವಷ್ಟರಲ್ಲಿ ಮಗಳು ಕಾಲೇಜು ಸೇರಿರುತ್ತಾಳೆ. ನಾಲ್ಕನೆಯದು ಸಿಬಿಎನ್, ವಜ್ರದ ದಾಯಾದಿಯಂಥ ಹುಡಿ ಲೇಪಿಸಿದ ಉಕ್ಕಿನ ಚಕ್ರ. ಸವೆಯುವುದೇ ಇಲ್ಲ. ಈಗಿನ ಕಾಲದ ಗಟ್ಟಿ ಉಕ್ಕಿಗೆ ಹೇಳಿ ಮಾಡಿಸಿದ್ದು. ಹಳೆಯ ಮೆದು ಉಕ್ಕು ಅದಕ್ಕೆ ಮೆತ್ತಿಕೊಳ್ಳುತ್ತದೆ ಎಂದು ಒಬ್ಬ, ಇಲ್ಲವೆಂದು ಇನ್ನೊಬ್ಬ, ಯೂಟ್ಯೂಬಿನಲ್ಲಿ ಗಡ್ಡಕ್ಕೆ ಗಡ್ಡ ತಾಗಿಸಿ ಜಗಳ.

ಇಷ್ಟಾದ ಮೇಲೆ ಚಕ್ರದ ಕಾಳು, ಅಂದರೆ ಅದರ ಒರಟಿನ ಅಳತೆ, ಅರವತ್ತೋ ಎಂಬತ್ತೋ ನೂರಿಪ್ಪತ್ತೋ. ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ತೋಳು ಬೇಕೋ, ಬರಿಗೈ ಸಾಕೋ. ಕಾಲಂಗಳು ಹನ್ನೊಂದಾದವು. ಅಡ್ಡಸಾಲುಗಳು ಪರದೆ ದಾಟಿದವು.

ಉತ್ತರ ಅವನಿಗೆ ಮೊದಲ ವಾರವೇ ಗೊತ್ತಿತ್ತು ಎಂಬುದೇ ಸ್ವಾರಸ್ಯ. ಎರಡನೆಯ ಕಾಲಂ. ಅರ್ಧ ವೇಗ, ಬಿಳಿ ಚಕ್ರ, ಎಂಬತ್ತರ ಕಾಳು. ಆಮೇಲೆ ಕೈಯಲ್ಲಿ ಎಣ್ಣೆಕಲ್ಲು. ಊರಿನ ಯಾವ ಕೆತ್ತನೆಗಾರನನ್ನು ಕೇಳಿದರೂ ಅದನ್ನೇ ಹೇಳಿಯಾನು. ಆದರೆ ಗ್ರೈಂಡರು ಬಂದರೆ ಮಸೆಯಬೇಕು. ಮಸೆದರೆ ಹೆಬ್ಬೆರಳು ಸವರಬೇಕು. ಸವರಿದರೆ ಏನಾದರೂ ಹೇಳಬೇಕು.

ಆದ್ದರಿಂದ ಪಟ್ಟಿ ಬೆಳೆಯುತ್ತ ಹೋಯಿತು. ಅಡುಗೆಮನೆಯ ಹಿಂದಿನ ಸಣ್ಣ ಜಾಗದಲ್ಲಿ ಈಳಿಗೆಮಣೆಗಳು, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿಕೊಂಡು, ಆಸ್ಪತ್ರೆಯ ಹೊರರೋಗಿಗಳ ಹಾಗೆ ಕೂತವು.

"ಅಪ್ಪಾ, ಜಸ್ಟ್ ಪಿಕ್ ವನ್," ಎಂದಳು ಅಮೂಲ್ಯ.

"ಟೆಕ್ನಿಕಲ್ ಎವ್ಯಾಲ್ಯುಯೇಷನ್ ಮುಗೀಲಿ ಪುಟ್ಟಾ."

ಎಲ್ಲರಿಗಿಂತ ಹೆಚ್ಚು ಕಾದಿದ್ದವರು ವಿಶಾಲಾಕ್ಷಮ್ಮ. ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಗ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿದ್ದ, ಸ್ಪ್ರಿಂಗ್ ವ್ಯಾಲಿಯ ಅವನ ಮನೆಯಲ್ಲಿ ಆಕೆಯ ವಾಸ. ಅವರಿಗೆ ಅಳಗುಳಿಮಣೆ ಬೇಕಿತ್ತು. ಅಂಗಡಿಯಲ್ಲಿ ಇಲ್ಲಿಯವರ ಬಾವೊ ಮಣೆ ಕಂಡು ಮೊದಲು ಹಿಗ್ಗಿದರು, ಆಮೇಲೆ ಕುಳಿಗಳನ್ನು ಎಣಿಸಿ, "ನಾಲ್ಕು ಸಾಲು ಕಣಪ್ಪ! ಒಂದೇ ಮನೇಲಿ ಎರಡು ಸಂಸಾರ ಇದ್ದ ಹಾಗಿದೆ. ನಂಗೆ ಏಳು, ಏಳು, ಹದಿನಾಲ್ಕೇ ಕುಳಿ ತೋಡಿಕೊಡು," ಎಂದು ಯೋಗೀಶನಿಗೆ ಹೇಳಿದ್ದರು. ಗಾಳಿಗೆ ಬಿದ್ದ ಜಕರಂಡಾ ಮರದಿಂದ ಒಂದು ಹಲಗೆ ಕೊಯ್ಯಿಸಿ, ಅದರ ಮೇಲೆ ತಾವೇ ಕೈವಾರ ಹಿಡಿದು ಹದಿನಾಲ್ಕು ವೃತ್ತ ಎಳೆದಿಟ್ಟಿದ್ದರು. ಅದು ಜನವರಿಯ ಮಾತು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಯೋಗೀಶ ಜೋಸೆಫನ ಹತ್ತಿರ ಹೋದ. ಜೋಸೆಫ್ ಕಾಂಬಾ ಜನದ ಮರಕೆತ್ತನೆಯ ಫುಂಡಿ. ಇಲ್ಲಿ ಕೈಕಸುಬಿನವನಿಗೆಲ್ಲ ಫುಂಡಿ ಎಂದೇ ಹೆಸರು. ಎಂಗಾಂಗ್ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಅವನು ದಿನವಿಡೀ ಜಿರಾಫೆ ಕೆತ್ತುತ್ತಿದ್ದ. ಯೋಗೀಶ ಪಟ್ಟಿಗೆ ಹನ್ನೆರಡನೆಯ ಕಾಲಂ ಸಿಕ್ಕೀತೆಂದು ಕೇಳಿದ: ನೀನು ಯಾವ ಚಕ್ರ ಬಳಸುತ್ತೀ?

ಜೋಸೆಫ್ ಕಾಲಬುಡದಲ್ಲಿದ್ದ ಒಂದು ನುಣುಪು ಹೊಳೆಕಲ್ಲನ್ನು ಹೆಬ್ಬೆರಳಿನಿಂದಲೇ ತೋರಿಸಿದ. ಆಮೇಲೆ ತನ್ನ ಬಾಚಿಯನ್ನು ಎತ್ತಿ ಕೊಟ್ಟು, "ನಿಮ್ಮ ತಾತನ ಪರೀಕ್ಷೆ ಮಾಡಿ ಹೇಳಿ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಹಿಂದೊಮ್ಮೆ ಬೆಣ್ಣೆ, ಬದನೆ, ಕೂದಲಿನ ಲೆಕ್ಕ ಕೇಳಿ ಅವನಿಗೆ ಖುಷಿಯಾಗಿತ್ತು.

ಯೋಗೀಶ ಬಾಚಿಯ ಅಲಗಿಗೆ ಹೆಬ್ಬೆರಳು ಇಟ್ಟು ಸವರಿದ. ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಸವರಿದ. ಹೊಳೆಕಲ್ಲಿನಲ್ಲಿ ಮಸೆದದ್ದು, ಎಷ್ಟು ಇದ್ದೀತು ಎಂದು ಲೆಕ್ಕ ಹಾಕಿ, "ಬದನೆ," ಎಂದ.

ಜೋಸೆಫ್ ನಗಲಿಲ್ಲ. ಅರ್ಧ ಕೆತ್ತಿದ ಜಿರಾಫೆಯ ಬೆನ್ನ ಮೇಲೆ ಕೆಂಪಗೆ ಹನಿ ಬೀಳುತ್ತಿದ್ದುದನ್ನು ನೋಡುತ್ತಿದ್ದ. ಒಂದು, ಎರಡು, ಮೂರು. ಯೋಗೀಶನೂ ನೋಡಿದ. ಯಾರದೋ ರಕ್ತ ಎಂಬಂತೆ ನೋಡಿದ.

"ಪೋಲೆ ಸಾನಾ," ಎಂದು ಅಯ್ಯೋಪಾಪ ಹೇಳಿ ಜೋಸೆಫ್ ಒಂದು ಅರಿವೆಯ ಚೂರು ಹರಿದು ಬೆರಳಿಗೆ ಬಿಗಿಯಾಗಿ ಸುತ್ತಿದ. "ಈ ಬೆರಳು ಮಲಗಿದೆ. ಎಷ್ಟು ದಿನವಾಯಿತು?"

"ಸವಾ, ಸವಾ. ಪರವಾಗಿಲ್ಲ."

"ಕಲ್ಲು ಹುಡುಕಬೇಡಿ. ಮೊದಲು ಇದನ್ನು ಎಬ್ಬಿಸಿ."

ಯೋಗೀಶ ಟ್ಯಾಕ್ಸಿಯಲ್ಲಿ ಮನೆಗೆ ಬಂದ. ಹೊಳೆಕಲ್ಲಿಗೆ ಕಾಲಂ ಹಾಕಲಿಲ್ಲ.

ಇನ್ನು ಸೀನುವಿನ ವಿಷಯ. ಬ್ಯಾಂಕೊಂದರ ಐಟಿ ವಿಭಾಗದವನು, ಮೂವತ್ತೈದರ ಪ್ರಾಯ, ಗಂಟಲಿನಲ್ಲಿ ಒಂದು ಮಟಾಟು ಬಸ್ಸು ತುಂಬುವಷ್ಟು ಜನ. ಕಂಡಕ್ಟರನೂ ಅವನೇ, ಕಿಟಕಿ ಪಕ್ಕದ ಅಜ್ಜಿಯೂ ಅವನೇ. ಅಪಾರ್ಟ್‌ಮೆಂಟಿನ ಕಾವಲುಗಾರನ ದನಿಯಲ್ಲಿ ಫೋನು ಮಾಡಿ ಮೇಲಿನ ಮನೆಯವರನ್ನು ಪಾರ್ಕಿಂಗಿಗೆ ಇಳಿಸುವುದು, ವಿಶಾಲಾಕ್ಷಮ್ಮನ ದನಿಯಲ್ಲಿ ಅವರ ಮಗನಿಗೇ ಮಗ್ಗಿ ಕೇಳುವುದು, ಇವೆಲ್ಲ ಅವನ ಭಾನುವಾರದ ವ್ಯಾಯಾಮ. ಒಂದೇ ತೊಂದರೆಯೆಂದರೆ ಅವನ ಸ್ವಂತ ದನಿ ಹೇಗಿದೆಯೆಂದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ತಿಂಗಳುಗಟ್ಟಲೆ ಯಾವ ಮನೆಯ ಊಟಕ್ಕೆ ಕೂತರೂ ಪಕ್ಕದಲ್ಲಿ ಯೋಗೀಶ, ಯೋಗೀಶನ ಪಕ್ಕದಲ್ಲಿ ಸಾಣೆಚಕ್ರ. ಬಿಸಿಬೇಳೆಬಾತಿನ ಮೇಲೆ ಸಿಬಿಎನ್ ಹುಡಿ ಉದುರಿಸಿಕೊಂಡು ತಿಂದು ತಿಂದು ಸೀನುವಿಗೆ ಸಾಕಾಗಿತ್ತು. ದೀಪಾವಳಿ ಕಳೆದ ಮಂಗಳವಾರ ಯೋಗೀಶನಿಗೆ ಒಂದು ಫೋನು ಬಂತು. ಇಂಡಸ್ಟ್ರಿಯಲ್ ಏರಿಯಾದ ಯಂತ್ರದಂಗಡಿಯ ನಟುಭಾಯಿ. ಎಂಬತ್ತು ವರ್ಷದ ಹಿಂದೆ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಗುಜರಾತಿ ಮನೆತನದವನು. ಯೋಗೀಶ ಅವನಿಂದ ಈಗಾಗಲೇ ಎರಡು ಕೊಟೇಶನ್ ತರಿಸಿಕೊಂಡಿದ್ದ.

"ಯೋಗೇಸ್‌ಭಾಯ್! ಆಪ್ ಕಾ ಪಾನೀವಾಲಾ ಮಸೀನ್ ಆ ಗಯಾ! ಏಕ್ ಸ್ಯಾಂಪಲ್ ಭೇಜೋ ನಾ. ಫಸ್ಟ್ ಕ್ಲಾಸ್ ಧಾರ್ ಲಗಾ ಕೇ ದೇಗಾ!"

ನೀರಿನ ಯಂತ್ರ ಬಂದಿದೆ, ಒಂದು ಉಳಿ ಕಳಿಸಿದರೆ ಮಸೆದು ತೋರಿಸುತ್ತೇವೆ ಎಂದು ತಾತ್ಪರ್ಯ. ಫೋನಿನ ಆ ತುದಿಯಲ್ಲಿದ್ದ ನಟುಭಾಯಿ ಸೀನುವೇ ಎಂದು ಓದುಗರಿಗೆ ಈಗಲೇ ಹೇಳಿಬಿಡುವುದು ಮರ್ಯಾದೆ. ಯೋಗೀಶನಿಗೆ ಯಾರೂ ಹೇಳಲಿಲ್ಲ. ಹತ್ತು ನಿಮಿಷ ಬಿಟ್ಟು ಸೀನು ಸೀನುವಾಗಿಯೇ ಫೋನು ಮಾಡಿ, ನಾಳೆ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋಗುತ್ತಿದ್ದೇನೆ, ಏನಾದರೂ ಕೆಲಸ ಇದೆಯೇ ಗುರುಗಳೇ ಎಂದ.

ಯೋಗೀಶ ತಾತನ ಬಾಗುಳಿಯನ್ನು, ಬಟ್ಟಲು ತೋಡುವ ಆ ಅರ್ಧಚಂದ್ರದ ಉಳಿಯನ್ನು, ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟ. ಕೊಡುವಾಗ ಇನ್ನು ಸಬೂಬು ಮುಗಿಯಿತು ಎಂದುಕೊಂಡ. ಎದೆ ಧಸಕ್ಕೆನ್ನಬೇಕಿತ್ತು. ಬೇರೆ ಯಾರದೋ ಟೆಂಡರಿನ ಕೊನೆಯ ದಿನಾಂಕ ಓದಿದ ಹಾಗಾಯಿತು, ಅಷ್ಟೇ.

ಉಳಿ ಮೂರು ದಿನ ಸೀನುವಿನ ಮನೆಯ ಅಡುಗೆಮನೆಯಲ್ಲಿತ್ತು. ಯಾವ ಚಕ್ರವನ್ನೂ ಕಾಣಲಿಲ್ಲ. ಎಂಟು ತಿಂಗಳಿನ ಮೊಂಡುತನದ ಮೇಲೆ ಸೀನು ಕಾಂಪೌಂಡಿನ ಸಿಮೆಂಟು ಕಟ್ಟೆಗೆ ಅದರ ಬಾಯಿಯನ್ನು ನಾಲ್ಕು ಸಲ ಉಜ್ಜಿ, ಆಮೇಲೆ ದೇವರ ದೀಪ ಬೆಳಗುವ ಪುಡಿ ಹಾಕಿ ತಿಕ್ಕಿದ. ಉಳಿ ಹರಿವಾಣದ ಹಾಗೆ ಫಳಫಳ ಹೊಳೆಯಿತು. ಬಾಯಿ ಮಾತ್ರ ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜಿಯದು.

ಶನಿವಾರ ಸ್ಪ್ರಿಂಗ್ ವ್ಯಾಲಿಯಲ್ಲಿ ವಿಶಾಲಾಕ್ಷಮ್ಮನ ಮನೆಯ ಹಿಂದಿನ ಹುಲ್ಲುಹಾಸಿನ ಮೇಲೆ ಊಟ. ಹದಿನೈದು ಜನ. ಜಕರಂಡಾ ಹೂವು ಉದುರಿ ಉದುರಿ ಹುಲ್ಲು, ಕುರ್ಚಿ, ಮೊಸರನ್ನದ ಪಾತ್ರೆಯ ಮುಚ್ಚಳ ಎಲ್ಲ ನೇರಳೆ. ಎಲೆಯಡಿಕೆ ಆಗುವಾಗ ಸೀನು ಎದ್ದು ಟವೆಲು ಬಿಚ್ಚಿದ.

"ನೋಡ್ರಪ್ಪಾ, ನಟುಭಾಯಿ ಅಂಗಡಿಯಿಂದ ನೇರ! ಪಾನೀವಾಲಾ ಮಸೀನು! ಗುರುಗಳು ಈಗ ಸರ್ಟಿಫಿಕೇಟ್ ಕೊಡ್ತಾರೆ."

"ಕೊಡು ಕೊಡು, ಇವತ್ತಾದ್ರೂ ನನ್ನ ಮಣೆಗೆ ಮುಹೂರ್ತ ಆಗ್ಲಿ," ಎಂದು ವಿಶಾಲಾಕ್ಷಮ್ಮ ಒಳಗಿನಿಂದ ಹಲಗೆಯನ್ನೇ ತರಿಸಿದರು. ಹದಿನಾಲ್ಕು ಪೆನ್ಸಿಲ್ ವೃತ್ತಗಳು ಮಾಸಿದ್ದವು.

ಯೋಗೀಶ ಉಳಿ ತೆಗೆದುಕೊಂಡ. ಓದುವ ಕನ್ನಡಕ ಕಾರಿನಲ್ಲಿತ್ತು. ಕನ್ನಡಕವಿಲ್ಲದೆ ಕಂಡದ್ದು ಬರೀ ಹೊಳಪು. ಮೈತ್ರಿ ಅಡಿಕೆ ಕತ್ತರಿಸುವುದನ್ನು ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಹೆಬ್ಬೆರಳನ್ನು ಅಲಗಿಗೆ ಇಟ್ಟು, ಅಡ್ಡಲಾಗಿ, ತಾತ ಹೇಳಿಕೊಟ್ಟ ಹಾಗೆ, ಮೆಲ್ಲಗೆ ಸವರಿದ.

ಗೋಡೆಯ ಆಚೆ ಯಾರೋ ಮಾತಾಡಿದ್ದಾರೆಯೇ ಎಂದು ಕಿವಿಗೊಟ್ಟ ಹಾಗೆ ಕಾದ. ಯಾರೂ ಇರಲಿಲ್ಲ.

ಬದನೆ ಎನ್ನಬಹುದಿತ್ತು. ಅಂದರೆ ಇನ್ನೊಂದು ತಿಂಗಳು ಸಿಗುತ್ತಿತ್ತು. ಆದರೆ ನಿಜವಾಗಿ ಕೂದಲು ಹರಿತವಿದ್ದು ತಾನು ಬದನೆ ಎಂದರೆ? ಪಕ್ಕದವರು ಮುಟ್ಟಿ ನೋಡುತ್ತಾರೆ. ಆಗ ಗೊತ್ತಾಗಿಹೋಗುತ್ತದೆ. ನೀರಿನ ಕಲ್ಲು, ನಿಧಾನ ವೇಗ, ಮೇಲೆ ಚರ್ಮದ ಚಕ್ರ. ಅಂಥ ಯಂತ್ರದಿಂದ ಬಂದದ್ದು ಮೊಂಡಾಗಿರಲು ಸಾಧ್ಯವೇ ಇಲ್ಲ. ಖರೀದಿ ವಿಭಾಗದ ಮ್ಯಾನೇಜರು ಬೆರಳನ್ನು ಬಿಟ್ಟು ಕ್ಯಾಟಲಾಗನ್ನು ನಂಬಿದ.

"ಕೂದಲು ಹರಿತ," ಎಂದ. ಸಾಲದೆಂದು ಸೇರಿಸಿದ, "ಇಂಥಾ ಹರಿತ ನಾನು ತಾತನ ಕೈಯಲ್ಲೂ ನೋಡಿರ್ಲಿಲ್ಲ."

ಹುಲ್ಲುಹಾಸು ಸ್ಫೋಟಿಸಿತು. ಸೀನು ಹುಲ್ಲಿನ ಮೇಲೆ ಬಿದ್ದು ಹೊರಳಿದ. ಅವನ ಹೆಂಡತಿ ಭಾರ್ಗವಿಗೆ ಮೊದಲೇ ಗೊತ್ತಿತ್ತು; ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೀನು ಎದ್ದು ಮೊಣಕಾಲೂರಿ, ನಟುಭಾಯಿಯ ದನಿಯಲ್ಲಿ, "ಯೋಗೇಸ್‌ಭಾಯ್! ಮೈ ಬೋಲಾ ಥಾ ನಾ, ಫಸ್ಟ್ ಕ್ಲಾಸ್ ಧಾರ್!" ಎಂದ. ನಾಲ್ಕು ಜನಕ್ಕೆ ತಾಂಬೂಲ ನೆತ್ತಿಗೇರಿತು.

ವಿಶಾಲಾಕ್ಷಮ್ಮ ಉಳಿಯನ್ನು ಕಿತ್ತುಕೊಂಡು ತಮ್ಮ ಅಂಗೈಗೆ ಒತ್ತಿ ಎಳೆದರು. ಗೆರೆಯೂ ಮೂಡಲಿಲ್ಲ.

"ಅಯ್ಯೋ ರಾಮ, ಇದು ಉಳಿ ಅಲ್ಲ ಕಣೋ, ಸೌಟು! ಸಾರು ಬಡಿಸಬಹುದು ಇದ್ರಲ್ಲಿ! ಏನೋ ಯೋಗೀಶ, ನಿಂಗೆ ಗೊತ್ತಾಗ್ಲಿಲ್ವೇನೋ?"

"ಸಿಮೆಂಟ್‌ಗೆ ಉಜ್ಜಿದ್ದು ಅಮ್ಮಾ, ಸಿಮೆಂಟ್‌ಗೆ! ಗುರುಗಳ ಸರ್ಟಿಫಿಕೇಟ್ ನೋಡಿ! ಹದಿನೆಂಟು ಕ್ಯಾರೆಟ್ಟು!"

ಎಲ್ಲರೂ ನಗುತ್ತಿದ್ದರು, ಮೈತ್ರಿಯೊಬ್ಬಳನ್ನು ಬಿಟ್ಟು. ಹದಿನೆಂಟು ವರ್ಷದಿಂದ ಆ ಹೆಬ್ಬೆರಳನ್ನು ಕಂಡವಳು ಅವಳು. ಅದು ಹಾಗಲಕಾಯಿ ಮುಟ್ಟಿ ಕಹಿ ಎಷ್ಟೆಂದು ಹೇಳುತ್ತಿತ್ತು; ಕತ್ತಲೆಯಲ್ಲಿ ಮುಟ್ಟಿ ಹತ್ತಿಯೋ ಪಾಲಿಯೆಸ್ಟರೋ ಎಂದು ಹೇಳುತ್ತಿತ್ತು. ತಪ್ಪು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಅಡಕೊತ್ತು ಕೆಳಗಿಟ್ಟು ಎದ್ದು ಬಂದು ಯೋಗೀಶನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಹೆಬ್ಬೆರಳ ಬುಡದ ಉಬ್ಬು ಇಳಿದು ಅಲ್ಲೊಂದು ತಗ್ಗು ಬಿದ್ದಿತ್ತು. ಇಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ. ಯೋಗೀಶ ಸೀನುವಿನ ಕಡೆಗೇ ನೋಡುತ್ತಿದ್ದ, ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ, ರಸೀದಿಗೆ ಕಾಯುವವನ ಮುಖ.

ನಗು ಒಂದೊಂದಾಗಿ ಆರುತ್ತ ಬಂತು. ಅವನು ನಗುತ್ತಿಲ್ಲ ಎಂಬುದು ಈಗ ಎಲ್ಲರಿಗೂ ಕಾಣುತ್ತಿತ್ತು.

"ರೀ," ಎಂದಳು ಮೈತ್ರಿ. ದನಿ ಬಹಳ ಸಣ್ಣದಾಗಿತ್ತು. "ಚಿವುಟ್ತಾ ಇದೀನಿ ರೀ."

ಯೋಗೀಶ ತಿರುಗಿ ಅವಳನ್ನು ನೋಡಿದ. ಸಹಜವಾಗಿ, ಕನ್ನಡಕ ಎಲ್ಲಿ ಎಂದು ಕೇಳುವ ಹಾಗೆ ಕೇಳಿದ:

"ಎಲ್ಲಿ?"

ಅವಳ ಉಗುರು ಹೆಬ್ಬೆರಳಿನ ತುದಿಯಲ್ಲಿ ಬಿಳಿಚಿಕೊಳ್ಳುವಷ್ಟು ಊರಿತ್ತು. ಹೂವೊಂದು ಬಂದು ಹಲಗೆಯ ಮೇಲೆ ಬಿತ್ತು. ಸೀನು ಹುಲ್ಲಿನಿಂದ ಎದ್ದು ನಿಂತ. ಬಾಯಿ ತೆರೆದ. ನಟುಭಾಯಿ ಬರಲಿಲ್ಲ, ಕಾವಲುಗಾರ ಬರಲಿಲ್ಲ, ಕಂಡಕ್ಟರೂ ಬರಲಿಲ್ಲ. ಯಾವುದೋ ಒಂದು ತೆಳ್ಳಗಿನ, ಸ್ವಲ್ಪ ಮೂಗಿನಲ್ಲಿ ಬರುವ, ಯಾರೂ ಕೇಳಿರದ ದನಿ ಬಂತು.

"ಸಾರಿ ಗುರುಗಳೇ. ನಂಗೆ... ನಂಗೊತ್ತಿರ್ಲಿಲ್ಲ. ಸುಮ್ನೆ ತಮಾಷೆಗೆ..."

"ಯಾವಾಗಿಂದ?" ಎಂದಳು ಮೈತ್ರಿ.

"ಫೆಬ್ರವರಿ."

"ಡಾಕ್ಟರು?"

"ತೋರಿಸ್ದೆ. ಮೇನಲ್ಲಿ."

"ಏನಂದ್ರು?"

"ಆಪರೇಷನ್ ಅಂದ್ರು. ತಡ ಮಾಡ್ಬೇಡಿ ಅಂದ್ರು."

"ಮತ್ತೆ ನೀವೇನ್ ಮಾಡಿದ್ರಿ ರೀ, ಇಷ್ಟು ದಿನ?"

ಯೋಗೀಶ ಉತ್ತರ ಕೊಡಲು ಬಾಯಿ ತೆರೆದ. ಏನು ಮಾಡಿದೆ ಎಂದು ತನಗೆ ತಾನೇ ಒಂದು ಸಲ ನೋಡಿಕೊಂಡ. ಬಾಲ್ಕನಿ, ಕಂಪ್ಯೂಟರು, ಗಡ್ಡದ ಮನುಷ್ಯರು.

"ಗ್ರೈಂಡರ್," ಎಂದ, "ಆರಿಸ್ತಾ ಇದ್ದೆ."

ಹೇಳಿದ ಮಾತು ಅವನದೇ ಕಿವಿಗೆ ಬಿತ್ತು. ತುಟಿಯ ಒಂದು ಕೊನೆ ಅದುರಿತು. ಅಳುತ್ತಾನೆ ಎಂದುಕೊಂಡು ಭಾರ್ಗವಿ ನೀರು ತರಲು ಎದ್ದಳು. ಅವನೊಳಗಿಂದ, ತುಕ್ಕು ಹಿಡಿದ ರಾಟೆ ಮೊದಲ ಸುತ್ತು ತಿರುಗಿದ ಹಾಗೆ ಒಂದು ಸದ್ದು ಬಂತು. ಇನ್ನೊಂದು ಬಂತು.

"ಸಿಮೆಂಟ್‌ಗಾ?" ಎಂದ ಸೀನುವನ್ನು ನೋಡಿ.

"ಹೂಂ ಗುರುಗಳೇ. ನಾಲ್ಕು ಸಲ."

"ನಾನು ಕೂದಲು ಅಂದ್ನಾ?"

"ಅಂದ್ರಿ."

"ತಾತನ ಕೈಯಲ್ಲೂ ನೋಡಿಲ್ಲ ಅಂದ್ನಾ?"

ಸೀನು ತಲೆಯಾಡಿಸಿದ. ಪಾಪ, ಅವನ ಕಣ್ಣು ತುಂಬಿತ್ತು.

ಯೋಗೀಶ ನಕ್ಕ. ಕುರ್ಚಿಯ ಕೈ ಹಿಡಿದು ಬಾಗಿ ನಕ್ಕ. "ಚಿವುಟ್ತಿದೀನಿ ಅಂತಾಳೆ... ಎಲ್ಲಿ ಅಂತೀನಿ..." ಎಂದು ಹೇಳಲು ಹೋಗಿ, ಮುಗಿಸಲಾರದೆ, ಇನ್ನೊಬ್ಬರಿಗೆ ಕಥೆ ಹೇಳುವವನ ಹಾಗೆ ಕೈಯಾಡಿಸಿ, ಮತ್ತೆ ನಕ್ಕ. ಮೈತ್ರಿ ಅವನ ಕೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯಲ್ಲಿ ಆಗಲೇ ಫೋನು ತೆಗೆದಿದ್ದಳು. "ಡಾಕ್ಟರ ಹೆಸರು ಹೇಳ್ರಿ. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೋತೀನಿ," ಎಂದಳು ಗದರಿಸಿ. ಅವನು ಹೆಸರು ಹೇಳಲು ಮೂರು ಸಲ ಪ್ರಯತ್ನಪಟ್ಟ. ಮೂರು ಸಲವೂ ಮೊದಲ ಅಕ್ಷರಕ್ಕೆ ನಗು ಬಂತು. "ನಾಚಿಕೆ ಆಗ್ಬೇಕು ನಿಮ್ಗೆ," ಎಂದಳು. ಆಮೇಲೆ ಅವಳ ಬಾಯಿಯೂ ಸೊಟ್ಟಗಾಯಿತು.

ಹೆದರಿಕೊಂಡೇ ಮೊದಲು ವಿಶಾಲಾಕ್ಷಮ್ಮ ನಕ್ಕರು. ಆಮೇಲೆ ಭಾರ್ಗವಿ, ನೀರಿನ ಲೋಟ ಹಿಡಿದೇ. ಸೀನು ಕಣ್ಣೊರೆಸಿಕೊಂಡು ಆ ಮೂಗಿನ ದನಿಯಲ್ಲೇ ನಗಲು ಹೋದ. ಅದು ಎಷ್ಟು ವಿಚಿತ್ರವಾಗಿತ್ತೆಂದರೆ ಯೋಗೀಶ ಅವನತ್ತ ಬೆರಳು ತೋರಿಸಿ, ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಗಲ್ಲದಿಂದ ಅಂಗಿಗೆ ಇಳಿಯುವವರೆಗೆ ನಕ್ಕ. ಹದಿನೈದು ಜನರ ನಗುವಿನ ಮೇಲೆ ಅವನ ಒಬ್ಬನ ನಗು ತೇಲುತ್ತಿತ್ತು, ಅಷ್ಟು ಜೋರು. ಬೇಲಿಯಾಚೆ ಪಕ್ಕದ ಮನೆಯ ಎರಡು ನಾಯಿಗಳು ಬೊಗಳಲು ಶುರುಮಾಡಿದವು. ಗೇಟಿನ ಕಾವಲುಗಾರ ಏನಾಯಿತೋ ಎಂದು ದೊಣ್ಣೆ ಹಿಡಿದು ಮನೆ ಸುತ್ತಿ ಓಡಿ ಬಂದು, ಹುಲ್ಲಿನ ಮೇಲೆ ಬಿದ್ದು ನಗುತ್ತಿದ್ದವನನ್ನು ನೋಡಿ, ಸ್ವಲ್ಪ ಹೊತ್ತು ನಿಂತು, ಕಾರಣ ಗೊತ್ತಿಲ್ಲದೆಯೇ ತಾನೂ ನಗತೊಡಗಿದ.